ಚಪ್ಪಲಿಯ ಮೇಲಿನ ಹೆಸರು

ಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ದರ್ಜಿ ಹೆಂಗಸೊಬ್ಬಳು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೇಡಂ ಅವರ ಮೇಜಿನ ಮೇಲೆ ಎರಡು ವಸ್ತುಗಳನ್ನಿಟ್ಟಳು. ಒಂದು ಜನನ ಪ್ರಮಾಣಪತ್ರ, ಇನ್ನೊಂದು ಸವೆದ ಚಪ್ಪಲಿ ಜೋಡಿ. ಆರು ವರ್ಷದ ಹುಡುಗಿಗಾಗುವ ಅಳತೆ.

"ನನ್ನ ಮಗೂಗೆ ಯಾರೋ ಹೆಸರಿಟ್ಟಿದ್ದಾರೆ ಮೇಡಂ."

ಪಕ್ಕದ ಮೇಜಿನ ರೈಟರ್‌ಗೆ ಎಲ್ಲದರಲ್ಲೂ ತಮಾಷೆ. "ಒಳ್ಳೇದಾಯ್ತಲ್ಲಮ್ಮ, ನಿಮಗೊಂದು ತಲೆನೋವು ತಪ್ತು" ಎಂದ. ಮೇಡಂ ಒಮ್ಮೆ ನೋಡಿದರು. ರೈಟರ್ ದೂರು ಬರೆಯುವ ಪುಸ್ತಕ ಬಿಚ್ಚಿದ.

ಮಗು ಹುಟ್ಟಿ ಮೂವತ್ತೆಂಟು ದಿನ. ಗಂಡ ಲಾರಿ ಓಡಿಸುವವನು, ತಿಂಗಳುಗಟ್ಟಲೆ ದೂರ. ಅವನು ಬಂದ ಮೇಲೆ ಹೆಸರಿಡೋಣವೆಂದು ನೋಂದಣಿಯಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದರು. ಇಂದು ಪ್ರಮಾಣಪತ್ರ ತರಲು ಹೋದರೆ ಅದರಲ್ಲಿ ಹೆಸರು ಅಚ್ಚಾಗಿತ್ತು: ಮರಳಿ. ಒಂಬತ್ತು ದಿನದ ಹಿಂದೆ ತಾಯಿಯ ಸಹಿಯಿರುವ ಅರ್ಜಿ ಬಂದಿತ್ತಂತೆ, ಜೊತೆಗೆ ಅವಳ ಗುರುತಿನ ಚೀಟಿಯ ನಕಲು.

"ಸಹಿ ನಿಮ್ಮದಾ?"

"ಅಲ್ಲ."

"ಚೀಟಿ ನಕಲು ಯಾರಿಗೆ ಕೊಟ್ಟಿದ್ರಿ?"

"ಆಸ್ಪತ್ರೆಗೆ ಮಾತ್ರ."

"ಚಪ್ಪಲಿ?"

"ಹದಿನೈದು ದಿನದ ಹಿಂದೆ ಹೊಸಿಲ ಮುಂದಿತ್ತು. ಯಾರೋ ಮರೆತಿರ್ಬೇಕು ಅಂತ ಮೂಲೆಗಿಟ್ಟಿದ್ದೆ. ಇವತ್ತು ಆ ಹೆಸರು ಓದಿದ ಮೇಲೆ, ಚಪ್ಪಲೀಲೂ ಏನೋ ಬರೆದಿತ್ತಲ್ಲ ಅಂತ ನೆನಪಾಗಿ, ಮನೆಗೆ ಓಡಿ ಎತ್ತಿ ನೋಡ್ದೆ."

ಮೇಡಂ ಚಪ್ಪಲಿಯನ್ನು ಬೆಳಕಿಗೆ ಹಿಡಿದರು. ಹಿಮ್ಮಡಿಯ ಜಾಗದಲ್ಲಿ, ಶಾಲೆಗೆ ಹೋಗುವ ಮಕ್ಕಳ ಚಪ್ಪಲಿಗೆ ಬರೆಯುವಂತೆ, ಶಾಯಿಯಲ್ಲಿ ಅದೇ ಹೆಸರಿತ್ತು.

"ಮಗು ಎಲ್ಲಿದೆ?"

"ಮನೇಲಿ, ಅತ್ತೆ ಹತ್ರ."

"ಬಾಗಿಲು ಹಾಕ್ಕೊಂಡಿರೋಕೆ ಹೇಳಿ. ಗೊತ್ತಿಲ್ಲದವರು ಯಾರು ಬಂದ್ರೂ ತೆಗೀಬಾರ್ದು."

ಸುಳ್ಳು ಸಹಿಯ ಆರೋಪದ ಮೇಲೆ ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ನೋಂದಣಿ ಕಚೇರಿಗೆ ಹೊರಟರು. ಠಾಣೆಯಲ್ಲಿ ಅವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ದೊಡ್ಡಪ್ಪ ಹನ್ನೊಂದು ನಲವತ್ತಕ್ಕೆ ಫೋನ್ ಮಾಡಿದರು.

"ಮೇಡಂ, ಇಪ್ಪತ್ತು ವರ್ಷದ ಜನನ ಪಟ್ಟಿ ಜಾಲಾಡ್ಸಿದೆ. ಈ ಹೆಸರು ಒಂದೇ ಒಂದು, ಈ ಮಗೂದೇ. ಅರ್ಜಿ ಯಾರು ಕೊಟ್ರು ಅಂತ ಗುಮಾಸ್ತನಿಗೆ ನೆನಪಿಲ್ವಂತೆ."

ಹಾಗಾದರೆ ಚಪ್ಪಲಿ ಹಾಕಿಕೊಂಡು ಓಡಾಡಿದವಳು ಯಾರು? ಮೇಡಂ ತಮಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದರು. ಅರ್ಧ ಊರಿನ ಮಕ್ಕಳಿಗೆ ಹೆಸರು ಹುಡುಕಿ ಕೊಟ್ಟವರು ಅವರು.

"ಮರಳಿ ಅಂದ್ರೆ ಮತ್ತೆ. ಅರ್ಥ ನಿಂಗೂ ಗೊತ್ತಲ್ಲಮ್ಮ" ಎಂದರು ಮೇಷ್ಟ್ರು. "ಆದ್ರೆ ಚೆಂದಕ್ಕೆ ಅಂತ ಯಾರೂ ಮಗೂಗೆ ಆ ಹೆಸರಿಡಲ್ಲ. ಹೋದೋಳು ಮತ್ತೆ ಬಂದ್ಲು ಅಂತ ನಂಬಿದೋರು ಇಡ್ತಾರೆ."

ಮೇಡಂ ಫೋನಿಟ್ಟರು. ಅವರು ಹುಟ್ಟುವ ಮೊದಲು ಒಬ್ಬಳು ಅಕ್ಕ ತೀರಿಕೊಂಡಿದ್ದಳು. ಅಮ್ಮ ಜ್ವರದಲ್ಲಿ ಕನವರಿಸುವಾಗಲೆಲ್ಲ ಇವರನ್ನು ಆ ಅಕ್ಕನ ಹೆಸರಿನಿಂದಲೇ ಕರೆಯುತ್ತಿದ್ದರು. ಪ್ರತಿ ಸಲವೂ ಇವರು ಹೆದರಿಕೊಂಡೇ ಓಗೊಡುತ್ತಿದ್ದರು. ಮೇಡಂ ಮತ್ತೆ ನೋಂದಣಿ ಕಚೇರಿಗೆ ಫೋನ್ ಮಾಡಿದರು.

"ದೊಡ್ಡಪ್ಪ, ಹುಟ್ಟಿದ್ದು ಬೇಡ. ಸತ್ತವರ ಪಟ್ಟಿ ತೆಗೆಸಿ."

ಹತ್ತೇ ನಿಮಿಷದಲ್ಲಿ ಸಿಕ್ಕಿತು. ದೊಡ್ಡಪ್ಪನ ದನಿ ಬದಲಾಗಿತ್ತು.

"ಮರಳಿ. ವಯಸ್ಸು ಆರು. ವಿಷಮಜ್ವರ. ಹುಟ್ಟಿದ್ದು ಬೇರೆ ಊರಲ್ಲಿ, ಕಾಯಂ ವಿಳಾಸವೂ ಅಲ್ಲೀದೇ. ಸತ್ತಿದ್ದು ಮೂವತ್ತೆಂಟು ದಿನದ ಹಿಂದೆ, ಸಂಜೆ ನಾಲ್ಕು ಹತ್ತಕ್ಕೆ, ದೊಡ್ಡಾಸ್ಪತ್ರೆ ಮೇಲಿನ ಮಹಡಿ. ತಾಯಿ ಅದೇ ಆಸ್ಪತ್ರೇಲಿ ದಾದಿ."

ಮೇಡಂ ಪ್ರಮಾಣಪತ್ರ ನೋಡಿದರು. ಅದೇ ತಾರೀಖು, ಅದೇ ಆಸ್ಪತ್ರೆ; ಹುಟ್ಟಿದ ಹೊತ್ತು ಕೇಳಿದರೆ ದರ್ಜಿ ಸಂಜೆ ನಾಲ್ಕು ಹನ್ನೆರಡು ಎಂದಳು. ಹೆರಿಗೆ ವಾರ್ಡು ಕೆಳಗಿನ ಮಹಡಿಯಲ್ಲಿತ್ತು.

ದಾದಿಯರ ಮೇಲ್ವಿಚಾರಕಿ ಫೋನಿನಲ್ಲಿ ನಿಟ್ಟುಸಿರಿಟ್ಟರು. "ಪಾಪದ ಹೆಂಗಸು. ಇದಕ್ಕೂ ಮುಂಚೆ ಎರಡು ವರ್ಷದ್ದೊಂದು ಹೋಗಿತ್ತು. ಅದೇ ಮತ್ತೆ ಬಂತು ಅಂತ ಎರಡನೇದಕ್ಕೆ ಆ ಹೆಸರಿಟ್ಟಿದ್ಲು. ಈಗ ಅದೂ ಹೋಯ್ತು. ವಾರ್ಡಲ್ಲಿದ್ರೆ ಕೊರಗ್ತಾಳೆ ಅಂತ ನಾನೇ ಹೊರಗಿನ ಕೆಲಸ ಕೊಟ್ಟೆ. ಮನೆ ಮನೆಗೆ ಹೋಗಿ ಎಳೇ ಮಕ್ಕಳ ತೂಕ ನೋಡ್ತಾಳೆ. ಮಕ್ಕಳ ಮುಖ ನೋಡಿದ್ರೆ ಮನಸ್ಸು ಹಗುರಾಗುತ್ತಲ್ಲ?"

ಮೇಡಂ ಫೋನಿಟ್ಟು ಬೆಂಚಿನಲ್ಲಿ ಕೂತಿದ್ದ ದರ್ಜಿಯ ಕಡೆ ತಿರುಗಿದರು.

"ತೂಕ ನೋಡೋಕೆ ಮನೆಗೆ ಯಾರು ಬರ್ತಾರೆ?"

"ದಾದಿ ಅಕ್ಕ. ತುಂಬಾ ಒಳ್ಳೆಯವರು ಮೇಡಂ, ಮಗೂನ ಇಳಿಸೋದೇ ಇಲ್ಲ. ಇವತ್ತೂ ಹನ್ನೆರಡಕ್ಕೆ..." ಮಾತು ಅಲ್ಲೇ ನಿಂತಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತೈದಾಗಿತ್ತು.

ದರ್ಜಿ ಮನೆಗೆ ಮಾಡಿದ ಫೋನನ್ನು ಅತ್ತೆ ಎತ್ತಿದರು. "ಗೊತ್ತಿಲ್ಲದವರಿಗೆ ತೆಗೀಬೇಡ ಅಂತ ನೀನು ಅಂದಿದ್ಯಲ್ಲ, ತೆಗೀಲಿಲ್ಲ. ನಮ್ಮ ದಾದಿ ಬಂದಿದ್ಲು. ಆಸ್ಪತ್ರೆ ತಕ್ಕಡೀಲಿ ತೂಗ್ಬೇಕಂತೆ, ಈಗಷ್ಟೇ ಎತ್ಕೊಂಡು ಹೋದ್ಲು. ಯಾಕೇ, ಏನಾಯ್ತು?"

ದರ್ಜಿ ಫೋನ್ ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿದಳು. ಮೇಡಂ ಆಗಲೇ ಜೀಪಿನಲ್ಲಿದ್ದರು.

ದಾದಿ ಆಸ್ಪತ್ರೆಗೆ ಹೋಗಿರಲಿಲ್ಲ. ಬೀಗ ಹಾಕಿದ್ದ ಅವಳ ಬಾಡಿಗೆ ಕೋಣೆಯ ಕಿಟಕಿಯಿಂದ ಖಾಲಿ ಕಪಾಟು ಕಾಣುತ್ತಿತ್ತು. ಉಳಿದದ್ದು ಕಾಯಂ ವಿಳಾಸವೊಂದೇ. ಆ ಊರಿಗೆ ದಿನಕ್ಕೆ ಒಂದೇ ಬಸ್ಸು, ಒಂದೂ ಕಾಲಿಗೆ. ಜೀವ ಕೈಯಲ್ಲಿ ಹಿಡಿದುಕೊಂಡು ಮೇಡಂ ನಿಲ್ದಾಣ ಸೇರಿದಾಗ ಒಂದು ಗಂಟೆ ಎಂಟು ನಿಮಿಷ. ಬಸ್ಸಿನ ಮೂರನೇ ಸೀಟಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟ ಹೆಂಗಸು ಮಗುವಿನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದು ಕೂತಿದ್ದಳು.

"ಮೆಲ್ಲಗೆ ಮಾತಾಡಿ" ಎಂದಳು ಅವಳು, ಖಾಕಿ ನೋಡಿಯೂ ಬೆಚ್ಚದೆ. "ಈಗ ತಾನೇ ಮಲಗಿದ್ದಾಳೆ."

ದಸ್ತಗಿರಿ ಒಂದು ಹತ್ತಕ್ಕೆ. ಬಸ್ಸಿನ ಕಂಡಕ್ಟರನನ್ನೂ ಹಣ್ಣಿನಂಗಡಿಯವನನ್ನೂ ಪಂಚರನ್ನಾಗಿಸಿ ಚೀಲದ ಪಂಚನಾಮೆ ನಡೆಯಿತು. ಹಾಲಿನ ಬಾಟಲಿ ಒಂದು, ಉಣ್ಣೆಯ ಟೋಪಿ ಒಂದು, ಆರು ವರ್ಷದ ಹುಡುಗಿಯ ಫ್ರಾಕು ಎರಡು, ಅಕ್ಷರ ಅರ್ಧ ಅಳಿಸಿದ್ದ ಸ್ಲೇಟು ಒಂದು.

ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. "ಮೇಲೆ ಹೋದ್ಲು, ಎರಡೇ ನಿಮಿಷಕ್ಕೆ ಕೆಳಗೆ ಬಂದ್ಲು. ಹಿಂದೇನೂ ಹಿಂಗೇ ಬಂದಿದ್ಲು, ಅವಳಿಗೆ ದಾರಿ ಗೊತ್ತು. ಚಪ್ಪಲಿ ನೋಡಿದ್ರೆ ಗುರುತು ಹಿಡೀತಾಳೆ ಅಂತ ಇಟ್ಟೆ. ಬಂದು ನನ್ನ ಕಾಣದೆ ಹೆದರ್ಕೊಂಡಿರ್ತಾಳಲ್ಲ ಮೇಡಂ?"

ಆಗ ಪಕ್ಕದ ಕೋಣೆಯಲ್ಲಿ ಮಗು ಎದ್ದು ಚೀರತೊಡಗಿತು. ತಾಯಿ ಹೆಗಲಿಗೆ ಹಾಕಿ ತಟ್ಟಿದಳು, ಅಜ್ಜಿ ಎತ್ತಿಕೊಂಡು ಓಡಾಡಿದರು, ರೈಟರ್ ಕೂಡ ಬೀಗದ ಕೈ ಗೊಂಚಲು ಅಲ್ಲಾಡಿಸಿದ. ಅಳು ನಿಲ್ಲಲಿಲ್ಲ. ದಾದಿ ಕೂತಲ್ಲಿಂದಲೇ, ದನಿ ಏರಿಸದೆ, ಕರೆದಳು.

"ಮರಳಿ."

ಅಳು ಥಟ್ಟನೆ ನಿಂತಿತು. ತಿಂಗಳಿಡೀ ತೂಕದ ನೆಪದಲ್ಲಿ ಎತ್ತಿಕೊಂಡು ಅವಳು ಆ ಕಿವಿಯಲ್ಲಿ ಏನು ಹೇಳುತ್ತಿದ್ದಳೆಂದು ಈಗ ಎಲ್ಲರಿಗೂ ತಿಳಿಯಿತು.

"ಅಕ್ಕ, ಹಂಗೆ ಕರೀಬೇಡಿ" ಎಂದಳು ದರ್ಜಿ, ಬಾಗಿಲಲ್ಲಿ ನಿಂತು, ಅಳುತ್ತ. "ನಿಮ್ ಕಾಲಿಗೆ ಬೀಳ್ತೀನಿ."

"ಇನ್ನೇನಂತ ಕರೀಲಿ?" ದಾದಿ ನಿಜಕ್ಕೂ ಕೇಳುತ್ತಿದ್ದಳು.

ರೈಟರ್ ಕಾಗದ ಮುಂದಿಟ್ಟ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಮೇಡಂ, ಮಗುವಿನ ಹೆಸರು ಅನ್ನೋ ಕಾಲಂಗೆ ಏನು ಬರೀಲಿ? ಸರ್ಕಾರಿ ದಾಖಲೇಲಿ ಅದೇ ಇದೆ."

ಮೇಡಂ ಪೆನ್ನು ಅವನ ಕೈಯಿಂದ ತೆಗೆದುಕೊಂಡರು. ಅಮ್ಮನ ಜ್ವರದ ದನಿ ಕಿವಿಯಲ್ಲಿ ಒಮ್ಮೆ ಸುಳಿದು ಹೋಯಿತು. "ಇನ್ನೂ ಹೆಸರಿಟ್ಟಿಲ್ಲ" ಎಂದು ತಾವೇ ಬರೆದು, ಕೆಳಗೆ ಸಹಿ ಹಾಕಿದರು.