ಹಾರೆಯ ಬುಡದ ಕಾಯಿ

"ಐದು ಹಾರೆ ಕಿತ್ತಿದ್ದೀಯ, ಹೋಗಲಿ. ಆರನೇದನ್ನ ಮಾತ್ರ ಮುಟ್ಟಬೇಡ ಮಗಾ," ಎಂದಳು ಕರಟ ಆಯುವ ಮುದುಕಿ, ಕರಟದಜ್ಜಿ.

ಫಿಟ್ಟರ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡದೆಯೇ ನಕ್ಕ. ತೆಂಗಿನಕಾಯಿ ಸುಲಿಯುವ ಯಂತ್ರ ಕೂರಿಸಲು ಅವನು ಆ ಷೆಡ್ಡಿಗೆ ಬಂದು ಎರಡು ದಿನವಾಗಿತ್ತು. ಉದ್ದನೆಯ ತಗಡಿನ ಷೆಡ್ಡು. ಒಂದು ಕಡೆ ಸುಲಿದ ಮಟ್ಟೆಯ ಗುಡ್ಡ, ಇನ್ನೊಂದು ಕಡೆ ಕೊಬ್ಬರಿಯ ರಾಶಿ. ನಾರಿನ ಧೂಳು ಮೂಗಿಗೆ ಅಡರುತ್ತಿತ್ತು. ಮುಗ್ಗಿದ ಎಣ್ಣೆಯ ವಾಸನೆ ಬಟ್ಟೆಗೆ ಹತ್ತಿದರೆ ಬಿಡುತ್ತಿರಲಿಲ್ಲ. ಇಷ್ಟು ವರ್ಷ ಇಲ್ಲಿ ಕಾಯಿ ಸುಲಿದದ್ದು ಕೈಯಲ್ಲೇ. ನೆಲದಲ್ಲಿ ಸೊಂಟದೆತ್ತರಕ್ಕೆ ನೆಟ್ಟ ಚೂಪು ಹಾರೆಗಳ ಮೇಲೆ ಕಾಯನ್ನು ಕುಕ್ಕಿ, ಮಗ್ಗುಲು ತಿರುವಿದರೆ ಮೂರೇ ಏಟಿಗೆ ಮಟ್ಟೆ ಬಾಯಿಬಿಡುತ್ತಿತ್ತು. ಈಗ ಹಲ್ಲಿನ ಉರುಳೆಗಳ ಯಂತ್ರ ಬಂದಿದೆ. ಹಾರೆಗಳಿಗೆ ಕೆಲಸವಿಲ್ಲ.

ಆರನೆಯದು ಮೂಲೆಯಲ್ಲಿತ್ತು. ಯಂತ್ರದ ತಳಪಾಯ ಬರಬೇಕಾದ ಜಾಗವೂ ಅದೇ. ಅದರ ತುದಿ ಸವೆದಿರಲಿಲ್ಲ, ತುಕ್ಕೂ ಹಿಡಿದಿರಲಿಲ್ಲ, ಸುಮ್ಮನೆ ಕಪ್ಪಗಾಗಿತ್ತು. ಆಳುಗಳು ಅತ್ತ ಹೋದಾಗಲೆಲ್ಲ ಎರಡು ಮಾರು ದೂರ ಬಿಟ್ಟೇ ನಡೆಯುತ್ತಿದ್ದರು.

"ಯಾಕಜ್ಜಿ, ಅದಕ್ಕೇನು ಪಿಂಚಣಿ ಬರುತ್ತಾ?"

"ನನ್ನ ತಂಗಿಯ ಹಾರೆ ಅದು. ಬುಡದಲ್ಲಿ ಒಂದು ಕಾಯಿ ಇದೆ. ಅದನ್ನ ಅದುಮಿ ಹಿಡಿದಿರೋದು ಈ ಹಾರೆ."

"ಮಾಟವೋ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಇಷ್ಟು ಹೊತ್ತು ಒಳಗೇ ಇದ್ದ ಷೆಡ್ಡಿನ ಯಜಮಾನ ಈಗ ಗೇಟಿನಾಚೆ ನಿಂತಿದ್ದ. ಕಿವಿಗೆ ಫೋನ್ ಹಿಡಿದಿದ್ದ, ಆದರೆ ಮಾತಾಡುತ್ತಿರಲಿಲ್ಲ.

"ಅವನೇ ಕೀಳಬಹುದಿತ್ತಲ್ಲ," ಎಂದಳು ಅಜ್ಜಿ ಮೆಲ್ಲಗೆ. "ಹೊರಗಿನೋನು ನೀನೇ ಯಾಕೆ ಬೇಕಾಯ್ತು, ಯೋಚನೆ ಮಾಡು."

"ಗ್ರೀಸ್ ಹಚ್ಚಿದ ಕೈ ಅಜ್ಜಿ ನಂದು. ಮಾಟ ಹತ್ತಿದರೂ ಜಾರಿಹೋಗುತ್ತೆ!"

ಆಳುಗಳಲ್ಲಿ ಒಬ್ಬರೂ ನಗಲಿಲ್ಲ.

ಬೆಳಗಿನ ಹನ್ನೊಂದು ಗಂಟೆ. ತೊಲೆಗೆ ಚೈನ್‌ಪುಲ್ಲಿ ಕಟ್ಟಿ ಫಿಟ್ಟರ್ ಎಳೆಯತೊಡಗಿದ. ಐದು ಹಾರೆ ಮೂಲಂಗಿಯಂತೆ ಬಂದಿದ್ದವು, ಇದು ಬರಲೊಲ್ಲದು. ತೊಲೆ ನರಳಿತು. ತಗಡು ಕಟಕಟ ಎಂದಿತು. ಕೊನೆಗೆ ನೆಲವೇ ನಿಟ್ಟುಸಿರಿಟ್ಟಂತಾಗಿ ಹಾರೆ ಮೇಲೆದ್ದಿತು. ಗುಂಡಿಯಿಂದ ಬಂದದ್ದು ಮಣ್ಣಿನ ವಾಸನೆಯಲ್ಲ. ತಲೆಗೆ ಎಣ್ಣೆ ಹಚ್ಚಿ ಆಗಷ್ಟೇ ಬಾಚಿಕೊಂಡ ಹೆಂಗಸೊಬ್ಬಳು ಪಕ್ಕದಲ್ಲೇ ಹಾದುಹೋದಂಥ ವಾಸನೆ.

ತಳದಲ್ಲಿ ಕೈಮುಷ್ಟಿಯಷ್ಟೇ ಇದ್ದ ಒಂದು ಗೊಡ್ಡು ಕಾಯಿ. ಸುತ್ತ ಉದ್ದ ಕೂದಲು ಬಿಗಿದಿತ್ತು. ಅದರ ಮೂರು ಕಣ್ಣುಗಳಲ್ಲಿ ಒಂದಕ್ಕೆ ಅರಗು ಮೆತ್ತಲಾಗಿತ್ತು. ಫಿಟ್ಟರ್ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಕುಲುಕಿತು. ಒಳಗೆ ಇನ್ನೂ ನೀರಿತ್ತು.

"ಬೇಡ ಮಗಾ. ಕಾಲಿಗೆ ಬೀಳ್ತೀನಿ," ಎಂದಳು ಅಜ್ಜಿ.

ಅವನಿಗೆ ಹುರುಪು ಹತ್ತಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಅರಗು ಕೆರೆದ, ಕಣ್ಣು ಚುಚ್ಚಿದ, ಎಲ್ಲರೂ ನೋಡುತ್ತಿದ್ದಂತೆ ಎತ್ತಿ ಬಾಯಿಗೆ ಸುರಿದುಕೊಂಡ. ಎರಡೇ ಗುಟುಕು.

"ಥೂ, ಬರೀ ಉಪ್ಪು!" ಬಾಯಿ ಒರೆಸಿಕೊಂಡು ನಕ್ಕ. "ಇಷ್ಟಕ್ಕೇ ಹೆದರಿಕೊಂಡಿದ್ರಾ?"

ಅಜ್ಜಿ ಕರಟದ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಬಾಯಾರಿಕೆ ಶುರುವಾಯಿತು. ಒಂದು ಚೊಂಬು ನೀರು ಕುಡಿದ. ಇನ್ನೊಂದು. ಆಮೇಲೆ ಕೊಡವನ್ನೇ ಎತ್ತಿದ. ನೀರು ಗಂಟಲಿನವರೆಗೆ ಹೋಗುವುದು ಗೊತ್ತಾಗುತ್ತಿತ್ತು, ಅಲ್ಲಿಂದ ಕೆಳಗೆ ಏನೂ ಇಲ್ಲ, ಕಾದ ಮರಳಿಗೆ ಹೊಯ್ದಂತೆ. ಸಂಜೆ ತಳಪಾಯದ ಗುಂಡಿಗೆ ಕಾಂಕ್ರೀಟು ಸುರಿಯಬೇಕಿತ್ತು. ಬಾಂಡಲಿ ಎತ್ತಲು ಹೋದವನು ಅಲ್ಲೇ ಕುಸಿದ.

ಮರುದಿನ ಅವನ ಹೆಂಡತಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಗ್ಲೂಕೋಸಿನ ಬಾಟಲಿಗಳನ್ನು ನೋಡುತ್ತಿದ್ದಳು. ಒಂದಾದ ಮೇಲೊಂದು ಖಾಲಿಯಾಗುತ್ತಿದ್ದವು. ಗಂಡನಿಗೆ ಬೆವರಿಲ್ಲ, ಮೂತ್ರವಿಲ್ಲ. ತೋಳಿನ ಚರ್ಮವನ್ನು ಡಾಕ್ಟರು ಚಿವುಟಿ ಬಿಟ್ಟರೆ ಅದು ಎದ್ದು ನಿಂತಂತೆಯೇ ನಿಂತಿತು.

"ಹಾಕಿದ ನೀರೆಲ್ಲ ಎಲ್ಲಿಗೆ ಹೋಗ್ತಿದೆ?" ಎಂದು ಡಾಕ್ಟರು ನರ್ಸನ್ನು ಕೇಳಿದರು. ನರ್ಸ್ ಮಂಚದ ಕೆಳಗೆ ಬಗ್ಗಿ ನೋಡಿದಳು. ನೆಲ ಒಣಗಿತ್ತು.

ಐದನೆಯ ದಿನ ದಿಂಬು ಸರಿಮಾಡಲು ಹೆಂಡತಿ ಅವನ ತಲೆ ಎತ್ತಿದಳು. ತಲೆಯೊಳಗೆ ಏನೋ ಉರುಳಿತು.

ಗುಡುಕ್.

ಇಡೀ ಕಾಯನ್ನು ಒಣಗಿಸಿ ಕೊಬ್ಬರಿ ಮಾಡುವವರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಕುಲುಕುತ್ತದೆ. ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟಿದ್ದರೆ ಒಳಗೊಳಗೇ ಉರುಳಾಡುತ್ತದೆ. ಆಗ ಒಡೆಯಲು ಹದ ಬಂತೆಂದು ಲೆಕ್ಕ. ಫಿಟ್ಟರನಿಗೆ ಅದು ಗೊತ್ತಿತ್ತು. ಅವನ ಕಣ್ಣುಗಳು ಹೆಂಡತಿಯ ಮುಖದ ಮೇಲೆ ನೆಟ್ಟವು. ಮೊದಲ ಸಲ ಅವುಗಳಲ್ಲಿ ಹೆದರಿಕೆ ಇತ್ತು.

"ಅಜ್ಜಿ..." ಎಂದ. ನಾಲಗೆ ಅಂಗುಳಿಗೆ ಅಂಟಿ ಚರ್ರೆಂದಿತು.

ಅವಳು ಅಜ್ಜಿಯನ್ನು ಹುಡುಕಿಕೊಂಡು ಹೋದಳು. ಕರಟದ ರಾಶಿಯ ಹಿಂದಿನ ಒಂಟಿ ಕೋಣೆಯಲ್ಲಿ ಮುದುಕಿ ಕಾಯುತ್ತಿದ್ದವಳಂತೆ ಕೂತಿದ್ದಳು.

"ನನ್ನ ತಂಗಿ ಗಂಡ ಮರ ಹತ್ತೋನು," ಎಂದು ಶುರುಮಾಡಿದಳು. "ಒಂದು ದಿನ ಸುಳಿಯಿಂದ ಬಿದ್ದ. ಬೆನ್ನು ಮುರೀತು. ಆಗಿನ ಯಜಮಾನ, ಈಗಿನವನ ಅಪ್ಪ, ಕೇಸಾಗುತ್ತೆ ಅಂತ ಗೇಟು ಹಾಕಿಸಿಬಿಟ್ಟ. ಯಾರನ್ನೂ ಹತ್ತಿರ ಬಿಡಲಿಲ್ಲ. ಆ ಬಿಸಿಲಲ್ಲಿ ಅವನು ನೀರು, ನೀರು ಅಂತ ಹೊತ್ತು ಮುಳುಗೋವರೆಗೂ ಕೇಳಿದನಂತೆ. ನನ್ನ ತಂಗಿ ಆ ಹಾರೆ ಹತ್ತಿರ ಕಾಯಿ ಸುಲೀತಿದ್ದಳು. ನಲವತ್ತು ಹೆಜ್ಜೆ ದೂರ. ಗಂಡ ಬೇರೆ ತೋಟಕ್ಕೆ ಹೋಗಿದಾನೆ ಅಂತ ಅವಳಿಗೆ ಹೇಳಿದ್ರು. ಸುಲಿಯೋ ಸದ್ದಲ್ಲಿ ಕೇಳಿಸಲಿಲ್ಲ."

ಅಜ್ಜಿ ಪಕ್ಕದಲ್ಲಿದ್ದ ಒಂದು ಖಾಲಿ ಕರಟವನ್ನು ಎತ್ತಿ ಮಗುಚಿಟ್ಟಳು.

"ಕಾಯಿಯಲ್ಲಿ ಇದ್ದಿದ್ದು ನೀರಲ್ಲ ತಾಯಿ. ಅವಳ ಕಣ್ಣೀರು. ಆ ಯಜಮಾನನ ಹೆಸರು ಹೇಳಿ ತುಂಬಿ ಹೂತಳು. ಅವನು ಒಣಗಿ ಹೋದ ಮೇಲೂ ಅದರ ಹಸಿವು ತೀರಲಿಲ್ಲ. ಅದಕ್ಕೇ ಹಾರೆ ಹೊಡೆದು ಅದುಮಿಟ್ವಿ."

"ಈಗ ಏನು ಮಾಡಲಿ ಅಜ್ಜಿ?"

"ಕುಡಿದಿದ್ದನ್ನ ತುಂಬಿ ಕೊಡಬೇಕು. ಅವನಿಗೋಸ್ಕರ ಅಳೋರೇ ಅಳಬೇಕು. ಅಂಚಿನವರೆಗೂ. ಒಂದು ಹನಿ ಕಮ್ಮಿಯಾದರೂ ಒಪ್ಪಲ್ಲ." ಅಜ್ಜಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಆಮೇಲೆ ನಿನ್ನ ಕಣ್ಣಲ್ಲಿ ಏನುಳಿಯುತ್ತೋ ನಾನು ಹೇಳಲಾರೆ. ನನ್ನ ತಂಗಿ ಮತ್ತೆ ಅತ್ತಿದ್ದನ್ನ ಯಾರೂ ಕಂಡಿಲ್ಲ."

ಮರುದಿನ ನಡುಮಧ್ಯಾಹ್ನ ಯಜಮಾನ ಷೆಡ್ಡಿನ ಕೀಲಿಕೈಯನ್ನು ಅವಳ ಅಂಗೈಗೆ ಹಾಕಿದ. "ನಾನು ಒಳಗೆ ಬರಲ್ಲಮ್ಮ," ಎಂದ. ಅವಳ ಮುಖ ನೋಡಲಿಲ್ಲ.

ಬಾಗಿಲು ಮುಚ್ಚಿದಾಗ ಒಳಗೆ ಕತ್ತಲೆ. ತಗಡಿನ ತೂತುಗಳಿಂದ ಮಾತ್ರ ಸೂಜಿಯಂಥ ಬಿಸಿಲು. ಆಸ್ಪತ್ರೆಯಿಂದ ತಂದ ಫಿಟ್ಟರನನ್ನು ನಾರಿನ ರಾಶಿಯ ಮೇಲೆ ಮಲಗಿಸಿದ್ದರು. ಗುಂಡಿಯ ಅಂಚಿನಲ್ಲಿ ಹೆಂಡತಿ, ತೊಡೆಯ ಮೇಲೆ ಆ ಖಾಲಿ ಕಾಯಿ. ಎದುರಿಗೆ ಅಜ್ಜಿ.

ಮೊದಲು ಅಳು ತಾನಾಗಿಯೇ ಬಂತು. ಮೂಗಿನ ತುದಿಯಿಂದ ಹನಿ ಹನಿಯಾಗಿ ಕಾಯಿಯ ಕಣ್ಣಿಗೆ ಇಳಿಯಿತು. ಕಾಲು ಭಾಗ. ಅರ್ಧ. ಆಮೇಲೆ ನಿಂತಿತು.

ಅಜ್ಜಿ ಹೇಳತೊಡಗಿದಳು. ಯಜಮಾನನ ಅಪ್ಪ ಹೇಗೆ ಒಣಗಿದ. ಮೊದಲು ತುಟಿ. ಆಮೇಲೆ ಉಗುರು. ಆಮೇಲೆ ಮಂಚದಿಂದ ಎತ್ತಿದರೆ ಹಗುರ, ಮಗುವಿನಷ್ಟು ಹಗುರ. ಹೆಂಡತಿ ಬಿಕ್ಕಿದಳು. ಮುಕ್ಕಾಲು. ಮತ್ತೆ ನಿಂತಿತು. ರಾಶಿಯ ಮೇಲೆ ಗಂಡನ ತಲೆ ಒಂದು ಕಡೆಗೆ ವಾಲಿತು. ಗುಡುಕ್.

"ಅಜ್ಜಿ, ಇನ್ನು ಬರ್ತಿಲ್ಲ. ಉರೀತಿದೆ."

"ಬರಬೇಕು."

"ಇಲ್ಲ ಅಜ್ಜಿ!"

ಗುಡುಕ್. ಗುಡುಕ್. ಗುಂಡಿಯಿಂದ ಎಣ್ಣೆಯ ವಾಸನೆ ಎದ್ದಿತು. ಯಾರೋ ಬೆನ್ನ ಹಿಂದೆ ಬಂದು ನಿಂತಂತೆ. ಕೂದಲು ಅವಳ ಭುಜಕ್ಕೆ ತಾಕಿತು. ಅವಳದ್ದಲ್ಲ. ತಿರುಗಲು ಧೈರ್ಯ ಸಾಲಲಿಲ್ಲ.

ಅಜ್ಜಿ ಮುಂದೆ ಬಾಗಿದಳು. ದನಿ ತಗ್ಗಿಸಿದಳು. "ಒಂದು ಮಾತು ಹೇಳು ಮಗಳೇ. ಅಲ್ಲಿ ಮಲಗಿರೋದು ನೀನಾಗಿದ್ದರೆ, ಅವನು ಇಲ್ಲಿ ಹೀಗೆ ಕೂತಿರ್ತಿದ್ದನಾ?"

ಹೆಂಡತಿ ಗಂಡನ ಕಡೆ ನೋಡಿದಳು. ಅವನಿಗೆ ಕೇಳಿಸಿತ್ತು. ತುಟಿ ಅಲುಗಿತು. ಮಾತು ಬರಲಿಲ್ಲ. ಗಂಟಲು ಒಣಗಿ ಬರಲಿಲ್ಲವೋ, ಹೇಳಲು ಉತ್ತರವೇ ಇರಲಿಲ್ಲವೋ. ಅವಳಿಗೆ ತಿಳಿಯಲಿಲ್ಲ. ಹನ್ನೊಂದು ವರ್ಷದ ಸಂಸಾರ. ತಿಳಿಯಲಿಲ್ಲ.

ಆಗ ಬಂತು. ಹೊಟ್ಟೆಯ ತಳದಿಂದ ಬಂತು. ಕಣ್ಣು ಸೀಳಿಕೊಂಡು ಬಂತು. ಕಾಯಿ ತುಂಬಿತು. ಅಂಚಿಗೆ ಬಂತು. ನಿಂತಿತು.

ಅಜ್ಜಿ ಅರಗು ಮೆತ್ತಿದಳು. ಕಾಯಿ ಗುಂಡಿಗೆ ಇಳಿಯಿತು. ಇಬ್ಬರೂ ಸೇರಿ ಹಾರೆ ಎತ್ತಿ ಅದರ ಮೇಲೆ ನಿಲ್ಲಿಸಿದರು, ಸುತ್ತಿಗೆಯಿಂದ ಬಡಿದರು. ಒಂದು. ಎರಡು. ಮೂರನೆಯ ಏಟಿಗೆ ರಾಶಿಯ ಮೇಲಿನ ಗಂಡ ಕೆಮ್ಮಿದ. ಹಣೆಯ ಮೇಲೆ ಬೆವರು ಮೂಡಿತು.

"ನೀರು," ಎಂದ. ಕೊಟ್ಟರು. ಈ ಸಲ ಅದು ಹೊಟ್ಟೆಗಿಳಿಯಿತು.

ಹೆಂಡತಿ ರೆಪ್ಪೆ ಮುಚ್ಚಿ ತೆರೆದಳು. ಮರಳುಕಾಗದ ಉಜ್ಜಿದಂಥ ಸಣ್ಣ ಸದ್ದಾಯಿತು.

ಹದಿನೈದು ದಿನಕ್ಕೆ ಅವನು ಎದ್ದು ಓಡಾಡಿದ. ಯಾರಾದರೂ ಕೇಳಿದರೆ, "ಏನೋ ಕೆಟ್ಟ ನೀರು ಕುಡಿದಿದ್ದೆ, ಗ್ಲೂಕೋಸು ಉಳಿಸಿತು," ಎನ್ನುತ್ತಿದ್ದ. ಹೆಂಡತಿಯ ಎದುರಿಗೂ ಅದನ್ನೇ ಹೇಳುತ್ತಿದ್ದ. ಅವಳು ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದಳು. ಅದು ಬಿದ್ದಲ್ಲೇ ಆರಿಹೋಗುತ್ತಿತ್ತು. ಕಣ್ಣಿನ ಡಾಕ್ಟರು ತಲೆಯಾಡಿಸಿದರು. ಮೂರು ತಿಂಗಳಲ್ಲಿ ಅವಳಿಗೆ ಮುಖಗಳು ಮಸುಕಾದವು.

ಆಗಲೇ ಅವಳ ತಾಯಿ ತೀರಿಕೊಂಡದ್ದು.

ಹಜಾರದಲ್ಲಿ ಹೆಣ ಮಲಗಿಸಿದ್ದರು. ಹೆಂಗಸರೆಲ್ಲ ಅಳುತ್ತಿದ್ದರು. ಮಗಳು ತಾಯಿಯ ಕಾಲ ಬಳಿ ಕೂತಿದ್ದಳು. ಗಂಟಲಿನಿಂದ ಕೀರಲು ದನಿ ಬರುತ್ತಿತ್ತು, ಕಣ್ಣುಗಳು ಮಾತ್ರ ಕಾಗದದಂತೆ ಒಣಗಿದ್ದವು.

"ಹೆತ್ತ ತಾಯಿಗೆ ಒಂದು ಹನಿ ಕಣ್ಣೀರಿಲ್ಲ," ಎಂದಳು ಅವಳ ಚಿಕ್ಕಮ್ಮ, ಎಲ್ಲರಿಗೂ ಕೇಳುವಂತೆ. "ಎಂಥಾ ಕಲ್ಲು ಮನಸ್ಸೋ!"

ಬಾಗಿಲ ಬಳಿ ಗಂಡಸರ ನಡುವೆ ನಿಂತಿದ್ದ ಫಿಟ್ಟರ್ ಜನರನ್ನು ಸರಿಸಿಕೊಂಡು ಒಳಗೆ ಬಂದ.

"ಅವಳನ್ನ ಅನ್ನಬೇಡಿ ಚಿಕ್ಕಮ್ಮ," ಎಂದ. "ಅವಳ ಕಣ್ಣೀರೆಲ್ಲ ನಾನು ಕುಡಿದಿದ್ದೀನಿ."

ಅವನು ಹೆಂಡತಿಯ ಪಕ್ಕ ಮಂಡಿಯೂರಿದ. ಅವಳು ಆ ದನಿಯ ಕಡೆಗೆ ಮುಖ ತಿರುಗಿಸಿದಳು. ಅವನು ಕೈ ಚಾಚಿ ಅವಳ ಕೆನ್ನೆ ಒರೆಸಿದ. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.