ಬ್ಲಾಟಿಂಗ್ ಪೇಪರಿನ ಬಾಯಿ

ಇದನ್ನು ನನಗೆ ಹೇಳಿದವನು ಚಿತ್ರಗಾರನ ಅಣ್ಣ. ವೃತ್ತಿಯಲ್ಲಿ ದರ್ಜಿ, ಉತ್ಪ್ರೇಕ್ಷೆ ಅರಿಯದವನು.

ಚಿತ್ರಗಾರ ತಮ್ಮನೋ, ಕಂಡವರ ಮುಖವನ್ನೆಲ್ಲ ಲೇಖನಿಯಿಂದ ಕುಕ್ಕಿ ವಿಕಾರಗೊಳಿಸುವುದನ್ನೇ ಕಲೆ ಎನ್ನುತ್ತಿದ್ದ. ಒಂದು ಮಧ್ಯಾಹ್ನ, ಅಣ್ಣನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತಿಗೆಯ ಸರದಿ.

“ಅಣ್ಣನ ಅನ್ನ ತಿಂದು ಅತ್ತಿಗೆಗೇ ಮಸಿ ಬಳೀತೀಯೇನೋ?” ಎಂದು ಅವಳು ನಕ್ಕಳು.

“ಬಾಯಿ ಮುಚ್ಚಿ ಅತ್ತಿಗೆ. ಈ ಮುಖಕ್ಕೆ ಶಾಯಿ ಹಾಕೋದೇ ದಂಡ, ಅದ್ರಲ್ಲಿ ಅಲುಗಾಟ ಬೇರೆ!”

ಅವಳು ತುಟಿ ಬಿಗಿದಳು. ಆ ಮುಚ್ಚಿದ ಬಾಯನ್ನು ಅವನು ಬೇಕೆಂದೇ, ಹರಿದ ಬಟ್ಟೆಗೆ ಹಾಕಿದ ಹೊಲಿಗೆಯಂತೆ ಬರೆದ. ಪಕ್ಕದಲ್ಲೇ ಇಸ್ತ್ರಿ ಕಾದಿದ್ದರೂ ಕಾಗದ ತಣ್ಣಗಿತ್ತು. ಶಾಯಿ ಆರಲೇ ಇಲ್ಲ. ಒದ್ದೆ ಹೀರಲೆಂದು ಬ್ಲಾಟಿಂಗ್ ಪೇಪರ್ ಒತ್ತಿ ತೆಗೆದ. ಅದರಲ್ಲಿ ಮೂಡಿದ ಮುಖದ ಬಾಯಿ ತೆರೆದಿತ್ತು.

“ಸಾಕು, ಮಾತಾಡಿ ಅತ್ತಿಗೆ,” ಎಂದ. ಅವಳು ಕತ್ತು ಹಿಡಿದುಕೊಂಡಳು. ತುಟಿಗಳು ಅಲುಗಿದವು, ದನಿ ಹೊರಡಲಿಲ್ಲ.

ಅವಳು ಮಾತಾಡಿ ಒಂಬತ್ತು ವರ್ಷಗಳಾದವು. ಅವಳ ಗಂಟಲಿನಲ್ಲಿ ವೈದ್ಯರಿಗೆ ಯಾವ ದೋಷವೂ ಸಿಕ್ಕಿಲ್ಲ. ಆ ಮಹಾನುಭಾವನೋ, ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ತೋರಿಸಿ ಬೀಗುತ್ತಾನೆ.

ಬ್ಲಾಟಿಂಗ್ ಪೇಪರನ್ನು ದರ್ಜಿ ನನಗೆ ಎರಡು ಬಾರಿ ತೋರಿಸಿದ. ಮೊದಲ ಸಲದ ನನ್ನ ಟಿಪ್ಪಣಿಯಲ್ಲಿ ‘ಹಲ್ಲು ಕಾಣದು’ ಎಂದಿದೆ. ಎರಡನೆಯ ಸಲ ನಾನು ಆ ಬಾಯಿಯ ಮೇಲಿನ ಸಾಲಿನಲ್ಲಿ ಆರು ಹಲ್ಲುಗಳನ್ನು ಎಣಿಸಿದೆ.