ಕುದುರೆಯ ಕೊರಳಿನ ಸಾಲು

ಮೂರನೆಯ ಕುದುರೆಯ ಕೊರಳ ಮೇಲೆ 'ಧೂಳಾಗಿ' ಎಂಬ ಪದವನ್ನು ತಿದ್ದುತ್ತಿದ್ದಾಗ ಅರ್ಜೂಗೆ ಉಳಿಯನ್ನು ಎತ್ತಿ ಎಸೆದುಬಿಡಬೇಕು ಅನ್ನಿಸಿತು.

"ನೀನು ಓಡು, ಧೂಳಾಗಿ ನಾನು ಹಿಂದೆ ಬರುತ್ತೇನೆ." ಇಷ್ಟೇ ಸಾಲು. ಬರೆದವಳು ಗುಬ್ಬಿಯ ಹೈಸ್ಕೂಲೊಂದರ ಕನ್ನಡ ಟೀಚರ್ ನಿಶಾತ್. ಕುದುರೆ ಮಾಡಿದವನು ತಾರಿಖ್. ಕುಣಿಗಲ್‌ನಲ್ಲಿ ಕುದುರೆಗಳನ್ನು ನೋಡುತ್ತಲೇ ಬೆಳೆದು ಶಿಲ್ಪಿಯಾದವನು. 2002ರಲ್ಲಿ ಬೆಂಗಳೂರಿನ ಗ್ಯಾಲರಿಯೊಂದು ಅವನಿಂದ ಕಂಚಿನ ಕುದುರೆಯ ಲಿಮಿಟೆಡ್ ಎಡಿಷನ್ ಕೇಳಿತ್ತು. ಒಂದೇ ಅಚ್ಚಿನಿಂದ ಎಂಟು ಕುದುರೆ, ಆಮೇಲೆ ಅಚ್ಚು ಒಡೆದುಹಾಕುವುದು. ಎರಕ ಹೊಯ್ಯುತ್ತಿದ್ದವರು ತುಮಕೂರಿನ ಉಪ್ಪಾರಹಳ್ಳಿಯ ಖುರ್ಷಿದ್ ಪಾಷಾ. ಎರಕದಲ್ಲಿ ಮೊಂಡಾಗಿ ಬಂದ ಅಕ್ಷರಗಳನ್ನು ಉಳಿಯಿಂದ ತಿದ್ದಿ ಚೂಪು ಮಾಡುತ್ತಿದ್ದವಳು ಅವರ ಮಗಳು ಅರ್ಜೂ. ಬಿ.ಎ. ಮುಗಿಸಿ, ಬಂದ ಸಂಬಂಧಗಳನ್ನೆಲ್ಲ ಬೇಡವೆಂದು ಅಪ್ಪನ ಶೆಡ್ಡಿನಲ್ಲೇ ಕೂತವಳು.

ತಾರಿಖ್ ದಿನವೂ ಬರುತ್ತಿದ್ದ. ಎದುರಿಗೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಅವನ ಕಣ್ಣು ಕುದುರೆಯ ಕಡೆ ಓಡುತ್ತಿತ್ತು.

"ಧೂಳಾಗಿ ಬರ್ತಾರಂತೆ ನಿಮ್ಮ ಟೀಚರು," ಅಂದಳು ಅರ್ಜೂ. "ಮುಂದೆ ಓಡೋರಿಗೇನೋ ಪರವಾಗಿಲ್ಲ. ಪಕ್ಕದಲ್ಲಿ ನಿಂತೋರು ಕೆಮ್ಮಿ ಸಾಯ್ಬೇಕು."

ತಾರಿಖ್ ನಕ್ಕ. "ಸಾಲು ಚೆನ್ನಾಗಿಲ್ವಾ?"

"ನಂಗೇನ್ ಗೊತ್ತು? ನಾನು ಕೆತ್ತೋಳು."

ಸಾಲು ಚೆನ್ನಾಗಿತ್ತು. ಅದೇ ಅವಳ ಸಂಕಟ. ತಾನು ಇನ್ನೂ 'ನೀವು' ದಾಟದ ಮನುಷ್ಯನಿಗೆ ಇನ್ನೊಬ್ಬಳು ಸಲೀಸಾಗಿ 'ನೀನು' ಅಂದಿದ್ದಾಳೆ. ಆ 'ನೀನು'ವನ್ನು ತಾನೇ ಒಂದೊಂದು ಕುದುರೆಯ ಮೇಲೂ ಹೊಳೆಯುವ ಹಾಗೆ ಮಾಡಿಕೊಡಬೇಕು.

ಒಂದು ಭಾನುವಾರ ನಿಶಾತ್ ಶೆಡ್ಡಿಗೇ ಬಂದಳು. ತಿಳಿಹಸಿರು ದುಪಟ್ಟಾ, ಮೆಲುದನಿ. ತಾರಿಖ್ ಕರ್ಚೀಫ್ ತೆಗೆದು ಅವಳಿಗಾಗಿ ಸ್ಟೂಲಿನ ಧೂಳು ಒರೆಸಿದ. ತಿಂಗಳುಗಟ್ಟಲೆ ಅದೇ ಸ್ಟೂಲಿನ ಮೇಲೆ ಕೂತ ಅರ್ಜೂಗೆ ಯಾರೂ ಯಾವ ಧೂಳನ್ನೂ ಒರೆಸಿರಲಿಲ್ಲ.

"ಎಷ್ಟು ಚೆನ್ನಾಗಿ ಬಿಡಿಸಿದೀರಿ," ಎಂದು ನಿಶಾತ್ ಅಕ್ಷರಗಳನ್ನು ಬೆರಳಿನಿಂದ ಸವರಿದಳು. ಆಮೇಲೆ, ಅಚ್ಚನ್ನು ಎತ್ತಿಡಲು ತಿರುಗಿದ ತಾರಿಖ್‌ನ ಬೆನ್ನನ್ನು ನೋಡಿದಳು. ಅಂಥ ನೋಟ ಅರ್ಜೂಗೆ ಹೊಸದಲ್ಲ. ಅವಳೂ ಹಾಗೆಯೇ ನೋಡುತ್ತಿದ್ದಳು.

ಮಾರನೆಯ ದಿನ ಅಪ್ಪ ಇದ್ದಲು ತರಲು ಬಟವಾಡಿಗೆ ಹೋದಾಗ ಅರ್ಜೂ ಗ್ರೈಂಡರ್ ಹಾಕಿದಳು. ಐದನೆಯ ಕುದುರೆಯ ಕೊರಳಿನಿಂದ ಧೂಳು ಹೋಯಿತು, 'ನಾನು' ಹೋಯಿತು, ಹಿಂದೆ ಬರುವುದೂ ಹೋಯಿತು. ಉಳಿದದ್ದು 'ನೀನು ಓಡು' ಅಷ್ಟೇ.

ತಾರಿಖ್ ಬಂದವನು ಅದನ್ನು ಓದಿ, ಉಜ್ಜಿದ ಜಾಗವನ್ನು ಮುಟ್ಟಿ ನೋಡಿದ.

"ಕೈ ಜಾರ್ತಾ?"

"ಇಲ್ಲ."

"ಮತ್ತೆ?"

"ಅವರ ಮಾತು ಅವರೇ ಬಂದು ಹೇಳ್ಲಿ. ನನ್ನ ಕೈಯಲ್ಲಿ ಹೇಳ್ಸೋದು ಬೇಡ." ಅರ್ಜೂ ಗ್ರೈಂಡರನ್ನು ಪಕ್ಕಕ್ಕಿಟ್ಟಳು. "ಅದು ಕುದುರೆಗೆ ಬರೆದಿದ್ದಲ್ಲ, ತಾರಿಖ್. ನಿಮಗೆ ಬರೆದಿದ್ದು. ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

ಅವನ ಮುಖ ನೋಡಿದರೆ ಗೊತ್ತಿರಲಿಲ್ಲ ಅನ್ನುವುದು ಸ್ಪಷ್ಟವಿತ್ತು. ಅವನು ಹೊರಗೆ ಹೋದ. ಗುಬ್ಬಿ ಬಸ್ ಹತ್ತಿದನೆಂದು ಆಮೇಲೆ ಅಪ್ಪನಿಂದ ತಿಳಿಯಿತು.

ತನ್ನ ಹೊಟ್ಟೆಕಿಚ್ಚಿನಿಂದ ತಾನೇ ಅವನನ್ನು ಅವಳ ಬಾಗಿಲಿಗೆ ಕಳಿಸಿದ ಹಾಗಾಯಿತಲ್ಲ. ಊಟ ಸೇರಲಿಲ್ಲ. ನಿಶಾತ್ ನಕ್ಕಿರಬಹುದು. ಅವನಿಗೂ ಸ್ಟೂಲ್ ಒರೆಸಿಕೊಟ್ಟಿರಬಹುದು. ಹೀಗೆ ಏನೇನೋ ಬೇಡದ ಚಿತ್ರಗಳು.

ಎರಡು ದಿನ ಅವನ ಸುದ್ದಿಯಿಲ್ಲ. ಗುರುವಾರ ಸಂಜೆ ಬಂದ.

"ಟೀಚರ್ ಏನಂದ್ರು?" ಅರ್ಜೂ ತಲೆಯೆತ್ತದೆ ಕೇಳಿದಳು.

"ನನಗೇ ಬರೆದಿದ್ದಾ ಅಂತ ಕೇಳ್ದೆ. ಹೌದು ಅಂದ್ರು. ನಾನು ಇಲ್ಲ ಅಂದೆ."

ಉಳಿ ನಿಂತಿತು.

"ಗ್ಯಾಲರಿಯವರು ಕೇಳಿದ್ದು ನಾಲ್ಕೇ ಕುದುರೆ," ಅಂದ ತಾರಿಖ್. "ಎಂಟು ಅಂದೋನು ನಾನು. ಅಕ್ಷರ ಬೇಡ, ಬರೀ ಕುದುರೆ ಸಾಕು ಅಂತಾನೂ ಅಂದಿದ್ರು. ಬರೀ ಕುದುರೆ ಆಗಿದ್ರೆ ನಿಮ್ಮಪ್ಪ ಪಾಲಿಶ್ ಮಾಡಿ ಕಳಿಸಿಬಿಡ್ತಿದ್ರು. ನಿನ್ನ ಕೈಗೆ ಬರ್ತಾನೇ ಇರ್ಲಿಲ್ಲ. ಅಕ್ಷರ ಇದ್ರೆ ನೀನು ಬೇಕು. ನೀನು ಕೂತಷ್ಟು ದಿನ ನಾನೂ ಎದುರಿಗೆ ಕೂರ್ಬಹುದು. ಅದಕ್ಕೇ ಅವರ ಹತ್ರ ಒಂದು ಸಾಲು ಕೇಳಿದ್ದು."

ಅರ್ಜೂಗೆ ಸಂತೋಷದ ಜೊತೆಗೇ, ತಿಂಗಳುಗಟ್ಟಲೆ ಶಪಿಸಿದ ಹೆಂಗಸಿನ ಮುಖ ಕಣ್ಣಮುಂದೆ ಬಂತು.

"ಇದೂ ಹೇಳಿದ್ಯಾ ಅವರಿಗೆ?"

"ಹೇಳ್ದೆ. ಸುಳ್ಳು ಹೇಳೋಕಾಗ್ಲಿಲ್ಲ."

"ಅತ್ತರಾ?"

"ನಾನಿರೋ ತನಕ ಅಳ್ಲಿಲ್ಲ."

ಅವನು ಮೆಲ್ಲಗೆ ಅವಳ ಬೆರಳುಗಳಿಗೆ ಅಂಟಿದ್ದ ಕಂಚಿನ ಪುಡಿಯನ್ನು ತನ್ನ ಹೆಬ್ಬೆರಳಿನಿಂದ ಒರೆಸಿದ. ಅವಳು ಕೈ ಹಿಂದೆಗೆಯಲಿಲ್ಲ.

"ಎಷ್ಟೊತ್ತು ಕೂತಿದ್ದೆ ಅಲ್ಲಿ?" ಎಂದು ಕೇಳಿದಳು.

"ಒಂದು ಟೀ ಕುಡಿಯೋ ಅಷ್ಟೊತ್ತು."

"ಪೂರ್ತಿ ಕುಡಿದ್ಯಾ?"

ತಾರಿಖ್ ನಗು ತಡೆದುಕೊಂಡ. "ಅರ್ಧ."

"ಹ್ಞೂಂ." ಅರ್ಜೂ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. "ನಾಳೆ ಜುಮ್ಮಾ ನಮಾಜ್ ಆದ್ಮೇಲೆ ಅಬ್ಬಾ ಒಳ್ಳೆ ಮೂಡಲ್ಲಿರ್ತಾರೆ. ಮನೆಗೆ ಬಂದು ಮಾತಾಡು. ನಮ್ಮಲ್ಲಿ ಕೊಟ್ಟಿದ್ದು ಮಾತ್ರ ಪೂರ್ತಿ ಕುಡೀಬೇಕು."